ಹೋಂಸ್ಟೇ ಪಡಸಾಲೆಯ ಸೋಫಾ: ಬಂಡವಾಳವೋ, ಬಳಕೆಯ ಸಾಮಗ್ರಿಯೋ?

ತೋಟದ ಹಳೆಯ ಮನೆಗಳನ್ನು ದುರಸ್ತಿಗೊಳಿಸಿ ಪ್ರವಾಸಿಗರಿಗೆ ಬಾಡಿಗೆಗೆ ನೀಡುವ ಹೋಂಸ್ಟೇ ವ್ಯವಹಾರವು ಕೊಡಗು, ಚಿಕ್ಕಮಗಳೂರು ಹಾಗೂ ಸಕಲೇಶಪುರದ ಭಾಗಗಳಲ್ಲಿ ಈಗ ಕೇವಲ ಕಾಫಿ ಬೆಳೆಗಾರರ ಉಪಕಸುಬಾಗಿ ಉಳಿದಿಲ್ಲ. ನಗರದ ವರ್ತಕರೂ ಸಣ್ಣ ಕೈಗಾರಿಕೆಗಳ ಮಾಲೀಕರೂ ತಮ್ಮ ಉಳಿತಾಯದ ಒಂದು ಭಾಗವನ್ನು ಇಂತಹ ಮನೆಗಳಲ್ಲಿ ತೊಡಗಿಸಿದ್ದಾರೆ. ಯೋಜನಾ ವೆಚ್ಚದ ಪಟ್ಟಿಯಲ್ಲಿ ಛಾವಣಿ, ಸ್ನಾನಗೃಹ, ಮಂಚ, ಹಾಸಿಗೆಗಳಿಗೆ ಮೊದಲ ಸ್ಥಾನ. ಪಡಸಾಲೆಯ ಆಸನಗಳ ಸರದಿ ಬರುವುದು ಕಟ್ಟಕಡೆಗೆ, ಕೈಯಲ್ಲಿ ಉಳಿದ ಹಣದಲ್ಲಿ. ಆದರೆ ಅತಿಥಿಗಳು ಮನೆಯೊಳಗೆ ಬಂದೊಡನೆ ಕುಳಿತುಕೊಳ್ಳುವುದು ಅಲ್ಲಿಯೇ. ಜಾಹೀರಾತಿನ ಛಾಯಾಚಿತ್ರದಲ್ಲಿ ಎದ್ದು ಕಾಣುವುದೂ, ಎಲ್ಲಕ್ಕಿಂತ ಮೊದಲು ಹಾಳಾಗುವುದೂ ಅದೇ ಆಸನ.

ಸ್ವಂತ ವಾಸದ ಮನೆಯ ಸೋಫಾಕ್ಕೂ ಬಾಡಿಗೆ ಮನೆಯ ಸೋಫಾಕ್ಕೂ ಇರುವ ವ್ಯತ್ಯಾಸವನ್ನು ಖರೀದಿದಾರರು ಮೊದಲು ಮನಗಾಣಬೇಕು. ಸ್ವಂತ ಮನೆಯಲ್ಲಿ ಅದೇ ನಾಲ್ಕು ಜನ ವರ್ಷಪೂರ್ತಿ ಕುಳಿತುಕೊಳ್ಳುತ್ತಾರೆ. ಚಹಾ ಚೆಲ್ಲಿದರೆ ತಕ್ಷಣ ಒರೆಸುತ್ತಾರೆ. ಬಾಡಿಗೆ ಮನೆಗೆ ಶನಿವಾರ ಒಂದು ತಂಡ, ಸೋಮವಾರ ಮತ್ತೊಂದು ತಂಡ. ಮೂವರ ಸೋಫಾದಲ್ಲಿ ಐವರು, ಸೋಫಾದ ಕೈಗಳ ಮೇಲೆ ಇಬ್ಬರು. ಹಾಸಿಗೆ ಸಾಲದಿದ್ದರೆ ರಾತ್ರಿ ಅದೇ ಮಂಚ. ಚೆಲ್ಲಿದ್ದನ್ನು ಅತಿಥಿಗಳು ಹೇಳುವುದಿಲ್ಲ, ದಿಂಬು ಮಗುಚಿಟ್ಟು ಹೋಗುತ್ತಾರೆ. ಕಲೆ ಪತ್ತೆಯಾಗುವ ಹೊತ್ತಿಗೆ ಎರಡು ದಿನ ಕಳೆದಿರುತ್ತದೆ.

ಇದರ ಮೇಲೆ ಮಲೆನಾಡಿನ ಹವೆ. ಆಗುಂಬೆಯಂತಹ ಸ್ಥಳದಲ್ಲಿ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ.ಗೂ ಅಧಿಕ, ಇತರೆಡೆ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲಿ ತೇವ ಆರುವುದೇ ಇಲ್ಲ. ಮುಳ್ಳಯ್ಯನಗಿರಿಯಿಂದಲೋ ಜಲಪಾತದಿಂದಲೋ ಮರಳಿದ ಅತಿಥಿಗಳು ಒದ್ದೆ ಬಟ್ಟೆಯಲ್ಲಿ, ಕೆಮ್ಮಣ್ಣಿನ ಕಾಲಿನಲ್ಲಿ ನೇರವಾಗಿ ಸೋಫಾಕ್ಕೆ ಬರುತ್ತಾರೆ. ಇಂಬಳ ಕಚ್ಚಿದ ಗಾಯದಿಂದ ರಕ್ತ ಬಹಳ ಹೊತ್ತು ಹೆಪ್ಪುಗಟ್ಟದೆ ಜಿನುಗುವುದರಿಂದ ಮಳೆಗಾಲದ ಹೋಂಸ್ಟೇಗಳಲ್ಲಿ ರಕ್ತದ ಕಲೆ ಸಾಮಾನ್ಯ. ಕರಾವಳಿಯ ಮನೆಗಳಲ್ಲಿ ಇಂಬಳದ ಬದಲು ಮರಳಿನ ಕಾಟ. ಅದು ಬಟ್ಟೆಯ ಎಳೆಗಳ ನಡುವೆ ಸೇರಿ ಉಜ್ಜುಕಾಗದದಂತೆ ತೇಯುತ್ತದೆ. ಉಪ್ಪುಗಾಳಿಗೆ ಸ್ಟೇಪಲ್ ಪಿನ್ನುಗಳು ತುಕ್ಕು ಹಿಡಿದು ಆ ತುಕ್ಕೇ ಹೊದಿಕೆಗೆ ಇಳಿಯುತ್ತದೆ.

ಚೌಕಟ್ಟು ಮತ್ತು ಫೋಮ್

ಸೋಫಾ ಒಂದೇ ವಸ್ತುವಾಗಿ ಕಂಡರೂ ಅದು ಮೂರು ಭಿನ್ನ ಆಯುಷ್ಯಗಳ ಜೋಡಣೆ. ಚೌಕಟ್ಟು ಹತ್ತು ವರ್ಷ ಬಾಳಬೇಕು, ಫೋಮ್ ಐದು ವರ್ಷ, ಹೊದಿಕೆ ಎರಡು-ಮೂರು ವರ್ಷ. ಪೀಠೋಪಕರಣ ಮಳಿಗೆಗಳಲ್ಲಿ ದೊರೆಯುವ ಬಹುಪಾಲು ಸೆಟ್ಟುಗಳಲ್ಲಿ ಈ ಮೂರನ್ನೂ ಅಂಟಿಸಿ, ಪಿನ್ನು ಹೊಡೆದು ಒಂದಾಗಿಸಿರುವುದರಿಂದ ಹೊದಿಕೆಯ ಆಯುಷ್ಯ ಮುಗಿದ ದಿನವೇ ಇಡೀ ಸೆಟ್ಟಿನ ಆಯುಷ್ಯವೂ ಮುಗಿಯುತ್ತದೆ.

ಚೌಕಟ್ಟಿಗೆ ತೇಗ ಉತ್ತಮ, ಹಲಸು ಯೋಗ್ಯ. ತೋಟದಲ್ಲೇ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಅಗ್ಗವಾಗಿ ದೊರೆಯುವುದರಿಂದ ಅನೇಕರು ಅದನ್ನೇ ಬಳಸುತ್ತಾರೆ; ಚೆನ್ನಾಗಿ ಒಣಗಿಸಿ, ಹುಳು ನಿರೋಧಕ ಸಂಸ್ಕರಣೆ ಮಾಡಿಸಿದರೆ ಮಾತ್ರ ಅದು ಲಾಭ. ರಬ್ಬರ್ ಮರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಕಣಹಲಗೆ ಮತ್ತು ಎಂ.ಡಿ.ಎಫ್. ಹಲಗೆಗಳು ನೀರು ಕುಡಿದು ಊದುವುದರಿಂದ ಮಲೆನಾಡಿಗೆ ಸಲ್ಲವು. ಪ್ಲೈವುಡ್ ಬಳಸುವುದಾದರೆ ಐ.ಎಸ್. 710 ಗುರುತಿನ ಮೆರೈನ್ ದರ್ಜೆಯನ್ನು ಕೇಳಿ ಪಡೆಯಬೇಕು; ಎಂ.ಆರ್. ದರ್ಜೆಯು ತೇವವನ್ನು ತಕ್ಕಮಟ್ಟಿಗೆ ತಡೆಯುತ್ತದೆಯೇ ಹೊರತು ನೀರನ್ನಲ್ಲ. ಕಾಲುಗಳು ಐದಾರು ಅಂಗುಲವಾದರೂ ಎತ್ತರವಿದ್ದು ಕೆಳಗೆ ಪೊರಕೆ, ಒರೆಸುವ ಕೋಲು ಆಡುವಂತಿರಬೇಕು. ಬೆತ್ತದ ಆಸನ ಹಗುರ, ನೋಟಕ್ಕೂ ಚೆಂದ. ಆದರೆ ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿದ ಮನೆಯಲ್ಲಿ ಅದಕ್ಕೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ಜಗಲಿಯೇ ಅದಕ್ಕೆ ತಕ್ಕ ಸ್ಥಳ.

ಫೋಮ್ ವಿಚಾರದಲ್ಲಿ ಮಾರುಕಟ್ಟೆಯ ಗೊಂದಲವೊಂದಿದೆ. ಗಟ್ಟಿತನ ಮತ್ತು ಸಾಂದ್ರತೆ ಒಂದೇ ಎಂಬಂತೆ ಮಾರಾಟಗಾರರು ಮಾತನಾಡುತ್ತಾರೆ. ಗಟ್ಟಿತನವು ಕುಳಿತಾಗಿನ ಅನುಭವ. ಸಾಂದ್ರತೆಯು ಒಂದು ಘನಮೀಟರ್ ಫೋಮ್‌ನ ತೂಕ, ಬಾಳಿಕೆಯನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದು. ಬಾಡಿಗೆ ಮನೆಯ ಆಸನಕ್ಕೆ 40 ಸಾಂದ್ರತೆಯನ್ನು ಕೇಳುವುದು ಒಳ್ಳೆಯದು, ಬೆನ್ನಿಗೆ ಅದಕ್ಕಿಂತ ಕಡಿಮೆಯಾದರೂ ಸಾಕು. ಹೇಳಿದ್ದು ನಿಜವೇ ಎಂದು ಪರೀಕ್ಷಿಸಲು ತಕ್ಕಡಿಯೊಂದೇ ಸಾಕು. 60 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, 12.5 ಸೆಂ.ಮೀ. ದಪ್ಪದ ಫೋಮ್ ತುಂಡು 40 ಸಾಂದ್ರತೆಯದಾದರೆ 1.8 ಕಿ.ಗ್ರಾಂ. ತೂಗಬೇಕು, 28ರದ್ದಾದರೆ ಸುಮಾರು 1.26 ಕಿ.ಗ್ರಾಂ. ಸುಣ್ಣದಕಲ್ಲಿನ ಪುಡಿಯಂತಹ ಪದಾರ್ಥ ಬೆರೆಸಿ ತೂಕ ಹೆಚ್ಚಿಸುವ ಪದ್ಧತಿಯೂ ಇರುವುದರಿಂದ ತೂಕದ ಜೊತೆಗೆ ತಯಾರಕರ ಲಿಖಿತ ಖಾತರಿಯನ್ನೂ ಪಡೆಯಬೇಕು.

ಹೊದಿಕೆ ಮತ್ತು ಕಲೆ

ಒರೆಸಿದರೆ ಸಾಕು ಎಂಬ ಕಾರಣಕ್ಕೆ ಅನೇಕ ಮಾಲೀಕರು ರೆಕ್ಸಿನ್ ಅಥವಾ ಕೃತಕ ಚರ್ಮದತ್ತ ಒಲಿಯುತ್ತಾರೆ. ಇಲ್ಲಿ ಎರಡು ಬಗೆಗಳಿವೆ. ಪಿ.ವಿ.ಸಿ. ಲೇಪನದ್ದು ನೀರಿಗೆ ಜಗ್ಗುವುದಿಲ್ಲ, ಆದರೆ ಬೇಸಿಗೆಯಲ್ಲಿ ಮೈಗೆ ಅಂಟುತ್ತದೆ, ಕಾಲಕ್ರಮದಲ್ಲಿ ಬಿರುಸಾಗಿ ಬಿರಿಯುತ್ತದೆ. ಪಿ.ಯು. ಲೇಪನದ್ದು ಮೃದು, ನೋಡಲು ಅಸಲಿ ಚರ್ಮದಂತೆ. ಆದರೆ ಸಾಧಾರಣ ದರ್ಜೆಯ ಪಿ.ಯು. ಲೇಪನವು ಗಾಳಿಯ ತೇವದೊಂದಿಗೆ ರಾಸಾಯನಿಕವಾಗಿ ವಿಘಟನೆಗೊಂಡು ಪದರು ಪದರಾಗಿ ಸುಲಿಯತೊಡಗುತ್ತದೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಆರೇಳು ವರ್ಷ ಬಾಳಿದ ಸೋಫಾ ಮಡಿಕೇರಿಯ ಮನೆಯಲ್ಲಿ ಬೇಗನೆ ಸುಲಿದರೆ ಅದಕ್ಕೆ ಅತಿಥಿಗಳನ್ನು ದೂರುವಂತಿಲ್ಲ. ಸುಲಿದ ಪಿ.ಯು.ಗೆ ದುರಸ್ತಿಯಿಲ್ಲ.

ನೇಯ್ದ ಬಟ್ಟೆಗೆ ಬಂದರೆ, ತೇಯ್ಮಾನವನ್ನು ಅಳೆಯಲು ಮಾರ್ಟಿನ್‌ಡೇಲ್ ಎಂಬ ಪರೀಕ್ಷೆಯಿದೆ. ಉಣ್ಣೆಯ ಒರಟು ಬಟ್ಟೆಯಿಂದ ಒತ್ತಡ ಹಾಕಿ ಉಜ್ಜುತ್ತಾ ಎಳೆಗಳು ಕಡಿಯುವ ಹೊತ್ತಿಗೆ ಎಷ್ಟು ಸುತ್ತುಗಳಾದವು ಎಂಬುದನ್ನು ಎಣಿಸುತ್ತಾರೆ. ಗೃಹಬಳಕೆಗೆ 20,000 ಸುತ್ತು ಸಾಕೆನ್ನುವುದು ವ್ಯಾಪಾರದ ಸಾಮಾನ್ಯ ರೂಢಿ; ಹೋಂಸ್ಟೇಗೆ 40,000ದ ಬಟ್ಟೆಯನ್ನೇ ಕೇಳಬೇಕು. ಆದರೆ ಈ ಸಂಖ್ಯೆಯು ತೇಯ್ಮಾನದ್ದೇ ವಿನಾ ಕಲೆಯದ್ದಲ್ಲ. ಕಲೆ ತಡೆಯುವ ಲೇಪನವೆಂದು ಹೆಚ್ಚು ಬೆಲೆಗೆ ಮಾರುವ ಬಟ್ಟೆಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಫ್ಲೋರಿನ್ ಸಂಯುಕ್ತಗಳು. ಆ ಗುಂಪಿನ ಪಿ.ಎಫ್.ಒ.ಎ. ಎಂಬ ಪದಾರ್ಥವನ್ನು 2019ರಲ್ಲಿ ಸ್ಟಾಕ್‌ಹೋಮ್ ಒಡಂಬಡಿಕೆಯ ನಿಷೇಧಿತ ಪಟ್ಟಿಗೆ ಸೇರಿಸಲಾಯಿತು. ಪರಿಸರದ ಪ್ರಶ್ನೆಯನ್ನು ಬದಿಗಿಟ್ಟರೂ ಯಾವ ಲೇಪನವೇ ಆಗಲಿ ಉಜ್ಜಿದಂತೆ, ಒಗೆದಂತೆ ಸವೆಯುತ್ತದೆ; ಖರೀದಿಯ ದಿನದ ಪ್ರಾತ್ಯಕ್ಷಿಕೆಯಲ್ಲಿ ನೀರಹನಿ ಜಾರಿಹೋದದ್ದು ಎರಡನೆಯ ವರ್ಷದ ಸಾಕ್ಷ್ಯವಾಗದು.

ಇದಕ್ಕಿಂತ ನಂಬಲರ್ಹವಾದುದು ಎಳೆ ತಯಾರಾಗುವ ಹಂತದಲ್ಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಅಥವಾ ಪಾಲಿಪ್ರೊಪಿಲೀನ್ ಬಟ್ಟೆ. ಬೀಟ್‌ರೂಟಿನಂತೆ ಒಳಗೂ ಹೊರಗೂ ಒಂದೇ ಬಣ್ಣವಾದ್ದರಿಂದ ಬಿಸಿಲಿಗೆ ಸುಲಭವಾಗಿ ಮಾಸುವುದಿಲ್ಲ, ತೆಳುಗೊಳಿಸಿದ ಬ್ಲೀಚಿಂಗ್ ದ್ರಾವಣದಲ್ಲೂ ಒಗೆಯಬಹುದು. ಪಾಲಿಪ್ರೊಪಿಲೀನ್‌ಗೆ ಶಾಖ ಆಗದು, ಇಸ್ತ್ರಿ ಮುಟ್ಟಿಸುವಂತಿಲ್ಲ. ಬಣ್ಣ ತೀರಾ ಬಿಳಿಯೂ ಬೇಡ, ಕಪ್ಪೂ ಬೇಡ. ಎರಡು ಮೂರು ಛಾಯೆ ಬೆರೆತ ನೇಯ್ಗೆ, ಕೆಮ್ಮಣ್ಣಿಗೆ ಹೊಂದುವ ಇಟ್ಟಿಗೆ ಅಥವಾ ಕಂದು ಬಣ್ಣ ಲೇಸು.

ಕಲೆ ತೆಗೆಯುವ ಕೆಲಸವನ್ನು ಮನೆ ನೋಡಿಕೊಳ್ಳುವವರಿಗೆ ಬಿಡುವ ಮುನ್ನ ಅವರಿಗೆ ಮೂರು ಮಾತು ತಿಳಿಸಿರಬೇಕು. ರಕ್ತಕ್ಕೆ ತಣ್ಣೀರು ಮಾತ್ರ, ಬಿಸಿನೀರು ಹಾಕಿದರೆ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಸಾರಿನ ಅರಿಶಿನಕ್ಕೆ ಸೋಪು ಹಚ್ಚಿದೊಡನೆ ಕ್ಷಾರದಿಂದಾಗಿ ಅದು ಕೆಂಪಾಗುವುದುಂಟು. ಗಾಬರಿಯಾಗಿ ಉಜ್ಜದೆ ತೊಳೆದು ಬಿಸಿಲಿಗೆ ಹರಡಿದರೆ ಅರಿಶಿನದ ಬಣ್ಣ ತಾನಾಗಿ ಮಾಸುತ್ತದೆ. ಕಾಫಿಯನ್ನು ಆರುವ ಮುನ್ನವೇ ಒತ್ತಿ ಹೀರಿಸಬೇಕು.

ಇವೆಲ್ಲಕ್ಕೂ ಪೂರ್ವಭಾವಿಯಾದ ಒಂದು ಷರತ್ತಿದೆ: ಹೊದಿಕೆಯು ಕಳಚಿ ಬರುವಂತಿರಬೇಕು. ಬಿಚ್ಚಲು ಬಾರದ ಸೋಫಾದ ಮೇಲೆ ಯಾವ ಉಪಾಯವೂ ನಡೆಯದು. ಹಿಂಬದಿಯಲ್ಲಿ ಪೂರ್ಣ ಉದ್ದದ ಜಿಪ್ ಇರುವ ಬಿಡಿ ದಿಂಬುಗಳು, ಫೋಮ್ ಮತ್ತು ಹೊದಿಕೆಯ ನಡುವೆ ಹಾಸಿಗೆಯ ರಕ್ಷಾಕವಚದಂತಹ ನೀರು ತಡೆಯುವ ಒಳಹೊದಿಕೆ, ಜೊತೆಗೆ ಮತ್ತೊಂದು ಪೂರ್ಣ ಸೆಟ್ ಹೊರಹೊದಿಕೆ. ಜುಲೈ ತಿಂಗಳಲ್ಲಿ ಫೋಮ್ ಒಮ್ಮೆ ನೆನೆದರೆ ದಿನಗಟ್ಟಲೆ ಒಣಗುವುದಿಲ್ಲ, ಒಣಗಿದ ಮೇಲೂ ಮುಗ್ಗಲು ವಾಸನೆ ಹೋಗುವುದಿಲ್ಲ.

ಲೆಕ್ಕ ಹೇಳುವುದೇನು?

ಉದಾಹರಣೆಗೆ, ಅಂಟಿಸಿದ ಹೊದಿಕೆಯ ಸೆಟ್ ಒಂದರ ಬೆಲೆ 40,000 ರೂ., ಶೇ. 18ರ ಜಿ.ಎಸ್.ಟಿ. ಸೇರಿ 47,200 ರೂ., ಆಯುಷ್ಯ ಮೂರು ವರ್ಷ ಎಂದು ಭಾವಿಸಬಹುದು. ಒಂಬತ್ತು ವರ್ಷಕ್ಕೆ ಮೂರು ಸೆಟ್, ಒಟ್ಟು 1,41,600 ರೂ. ಇದಕ್ಕೆ ಪ್ರತಿಯಾಗಿ ಗಟ್ಟಿಮರದ ಚೌಕಟ್ಟು, ಬಿಡಿ ದಿಂಬು, ಎರಡು ಸೆಟ್ ಹೊದಿಕೆ ಸೇರಿ 70,000 ರೂ., ತೆರಿಗೆ ಸೇರಿ 82,600 ರೂ. ಮೂರನೆಯ ಮತ್ತು ಆರನೆಯ ವರ್ಷದಲ್ಲಿ ಹೊಸ ಹೊದಿಕೆಗೆ ತಲಾ 12,000, ಐದನೆಯ ವರ್ಷ ಫೋಮ್‌ಗೆ 15,000. ಒಟ್ಟು 1,21,600 ರೂ. ಉಳಿತಾಯ 20,000 ರೂ. ಎಂದು ತೋರುತ್ತದೆ. ಆದರೆ ಎರಡನೆಯ ಆಯ್ಕೆಯಲ್ಲಿ ಹಣ ಮೊದಲೇ ಹೋಗುವುದರಿಂದ, ಶೇ. 10ರ ಬಡ್ಡಿಯಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದಾಗ ಮೊದಲನೆಯದು ಸುಮಾರು 1,09,300 ರೂ., ಎರಡನೆಯದು 1,07,700 ರೂ. ಅಂದರೆ ಬರಿಯ ಖರೀದಿ ವೆಚ್ಚದಲ್ಲಿ ಎರಡೂ ಬಹುತೇಕ ಸಮ. ಬಾಳಿಕೆಯ ಸರಕೇ ಅಗ್ಗವೆಂದು ಸಾರಾಸಗಟಾಗಿ ಹೇಳುವವರು ಈ ಬಡ್ಡಿಯನ್ನು ಮರೆತಿರುತ್ತಾರೆ.

ತಕ್ಕಡಿ ವಾಲುವುದು ಬೇರೆ ಎರಡು ಕಾರಣಗಳಿಂದ. ಮೊದಲನೆಯದು ಖಾಲಿ ಬಿದ್ದ ದಿನಗಳು. ಮನೆಯ ದಿನಬಾಡಿಗೆ 6,000 ರೂ. ಇದ್ದು, ಸೋಫಾ ಒಣಗಲಿಲ್ಲವೆಂದು ವರ್ಷಕ್ಕೆ ಎರಡು ದಿನ ಕೈತಪ್ಪಿದರೆ ಒಂದು ಪೂರ್ಣ ಸೆಟ್ ಹೊದಿಕೆಯ ಬೆಲೆಯೇ ಹೋದಂತೆ. ಕಪಾಟಿನಲ್ಲಿ ಮಡಿಸಿಟ್ಟ ಎರಡನೆಯ ಸೆಟ್ ಹದಿನೈದು ನಿಮಿಷದಲ್ಲಿ ಈ ನಷ್ಟವನ್ನು ತಪ್ಪಿಸುತ್ತದೆ.

ಎರಡನೆಯದು ತೆರಿಗೆ. 1961ರ ಆದಾಯ ತೆರಿಗೆ ಕಾಯ್ದೆಯ ನಿಯಮಗಳಲ್ಲಿ ಪೀಠೋಪಕರಣಗಳ ಸವಕಳಿ ದರ ಶೇ. 10, ಅದೂ ಇಳಿಕೆಯ ಮೌಲ್ಯದ ಮೇಲೆ. ಮೂರು ವರ್ಷಕ್ಕೆ ಮೂಲೆಗೆ ಬಿದ್ದ 47,200 ರೂ.ಗಳ ಸೋಫಾದ ಮೌಲ್ಯ ಪುಸ್ತಕದಲ್ಲಿ ಇನ್ನೂ ಸುಮಾರು 34,400 ರೂ. ಇರುತ್ತದೆ. ಸವಕಳಿಯು ಆಸ್ತಿ ಸಮೂಹದ ಮೇಲೆ ನಡೆಯುವುದರಿಂದ ಆ ಮೊತ್ತವನ್ನು ಒಮ್ಮೆಲೇ ನಷ್ಟವೆಂದು ಕಳೆಯಲಾಗದು. ಸಮೂಹ ಪದ್ಧತಿಯನ್ನು 2025ರ ಹೊಸ ಕಾಯ್ದೆಯೂ ಉಳಿಸಿಕೊಂಡಿದೆ. ಹೊದಿಕೆ, ಫೋಮ್ ಬದಲಾವಣೆಯಾದರೋ ಚಾಲ್ತಿ ದುರಸ್ತಿ. ಆಯಾ ವರ್ಷವೇ ಪೂರ್ಣ ವೆಚ್ಚ. ಆದಾಯವನ್ನು ವ್ಯಾಪಾರದ ಶೀರ್ಷಿಕೆಯಲ್ಲಿ, ಲೆಕ್ಕಪುಸ್ತಕಗಳ ಆಧಾರದಲ್ಲಿ ತೋರಿಸುವವರಿಗೆ ಮಾತ್ರ ಈ ಅನುಕೂಲ. ಅಂದಾಜು ಲಾಭದ ಯೋಜನೆಯಲ್ಲಿರುವವರಿಗೂ, ಗೃಹ ಆಸ್ತಿಯ ಬಾಡಿಗೆಯೆಂದು ತೋರಿಸಿ ಶೇ. 30ರ ಕಡಿತ ಪಡೆಯುವವರಿಗೂ ಇದರಿಂದ ವ್ಯತ್ಯಾಸವಾಗದು.

ಜಿ.ಎಸ್.ಟಿ. ವಿಷಯದಲ್ಲಿ 2025ರ ಸೆಪ್ಟೆಂಬರ್ 22ರ ಬದಲಾವಣೆಯನ್ನು ಗಮನಿಸದೆ ಖರೀದಿಗೆ ಇಳಿಯಬಾರದು. ದಿನಕ್ಕೆ 7,500 ರೂ.ವರೆಗಿನ ವಸತಿಗೆ ಅದುವರೆಗೆ ಶೇ. 12 ತೆರಿಗೆಯಿದ್ದು ಹೂಡುವಳಿ ತೆರಿಗೆ ಜಮೆ ಲಭ್ಯವಿತ್ತು. ಅಂದಿನಿಂದ ದರ ಶೇ. 5ಕ್ಕೆ ಇಳಿದಿದೆ, ಜಮೆ ನಿಂತಿದೆ. ಆದುದರಿಂದ ಸೋಫಾದ ಮೇಲಿನ ಶೇ. 18 ಈಗ ಅಪ್ಪಟ ವೆಚ್ಚ. 7,500 ರೂ. ಮೀರಿದ ವಸತಿಗೆ ಶೇ. 18 ಮತ್ತು ಜಮೆ ಹಿಂದಿನಂತೆಯೇ ಉಂಟು. ನೋಂದಣಿಯಿಲ್ಲದೆ ಆನ್‌ಲೈನ್ ವೇದಿಕೆಗಳ ಮೂಲಕ ಮಾತ್ರ ಬಾಡಿಗೆಗೆ ನೀಡುವವರ ತೆರಿಗೆಯನ್ನು ಆ ವೇದಿಕೆಯೇ ಕಟ್ಟುತ್ತದೆ, ಅವರಿಗೂ ಜಮೆಯಿಲ್ಲ. ಪೂರ್ತಿಯಾಗಿ ಬಿದಿರು ಅಥವಾ ಬೆತ್ತದಿಂದಲೇ ತಯಾರಾದ ಪೀಠೋಪಕರಣದ ದರ ಅದೇ ದಿನದಿಂದ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದು ಜಗಲಿಯ ಆಸನಕ್ಕೆ ಪರಿಗಣನಾರ್ಹ. ಮರದ ಚೌಕಟ್ಟಿಗೆ ಬೆತ್ತ ಹೆಣೆದದ್ದು ಈ ವರ್ಗಕ್ಕೆ ಸೇರದು.

ತಯಾರಕರಿಗೊಂದು ಅವಕಾಶ

ಈ ಗ್ರಾಹಕವರ್ಗವನ್ನು ಸ್ಥಳೀಯ ಪೀಠೋಪಕರಣ ತಯಾರಕರು ಇನ್ನೂ ಸರಿಯಾಗಿ ಗುರುತಿಸಿದಂತಿಲ್ಲ. ಹೋಂಸ್ಟೇ ಮಾಲೀಕರಿಗೆ ಬೇಕಾದದ್ದು ಹೊಸ ವಿನ್ಯಾಸವಲ್ಲ. ಮೂರು ವರ್ಷದ ಬಳಿಕ ಅದೇ ಅಳತೆಯ ಹೊದಿಕೆ ಪುನಃ ಸಿಗುವ ಭರವಸೆ. ಕತ್ತರಿಸುವ ಮಾದರಿಯನ್ನು ಗ್ರಾಹಕರ ಹೆಸರಿನಲ್ಲಿ ಕಾಯ್ದಿಟ್ಟು, ಫೋನಿನಲ್ಲಿ ಬಂದ ಬೇಡಿಕೆಗೆ ಹೊದಿಕೆ ಹೊಲಿದು ಬಸ್ ಪಾರ್ಸೆಲ್‌ನಲ್ಲಿ ಕಳುಹಿಸುವ ವ್ಯವಸ್ಥೆಗೆ ದೊಡ್ಡ ಬಂಡವಾಳ ಬೇಡ. ಬಿಲ್ಲಿನಲ್ಲಿ ಮರದ ಜಾತಿ, ಫೋಮ್‌ನ ಸಾಂದ್ರತೆ, ಬಟ್ಟೆಯ ಉಜ್ಜು ಪರೀಕ್ಷೆಯ ಸಂಖ್ಯೆಗಳನ್ನು ನಮೂದಿಸಿ, ಹೊದಿಕೆ ಮತ್ತು ಫೋಮ್‌ಗೆ ಪ್ರತ್ಯೇಕ ದರ ತೋರಿಸಿದರೆ ಖರೀದಿದಾರರ ಲೆಕ್ಕಪತ್ರವೂ ಸುಗಮವಾಗುತ್ತದೆ. ಬೇಡಿಕೆ ಬರುವುದು ಮಳೆಗಾಲ ಮುಗಿದು ದಸರೆಯ ರಜೆಗೆ ಮುನ್ನ. ಬಟ್ಟೆಯ ದಾಸ್ತಾನನ್ನು ಆಗಸ್ಟ್ ವೇಳೆಗೇ ಮಾಡಿಟ್ಟುಕೊಂಡವರಿಗೆ ಆ ಒಂದು ತಿಂಗಳಲ್ಲಿ ಕೈತುಂಬ ಕೆಲಸ ಸಿಗುತ್ತದೆ.