ಊರಿಗೇ ಬಂದ ಶಾಲೆ

ಸಾಂಕ್ರಾಮಿಕ ರೋಗಕ್ಕೆ ಹೆದರಿ ಶಾಲೆ ಮುಚ್ಚುವುದು ಹೊಸದಲ್ಲ. 1937ರಲ್ಲಿ ಪೋಲಿಯೋ ಹರಡಿದಾಗ ಅಮೆರಿಕದ ಷಿಕಾಗೋ ನಗರದ ಮಕ್ಕಳು ಮನೆಯಲ್ಲೇ ಕುಳಿತು ರೇಡಿಯೋ ಪಾಠ ಕೇಳಿದರು. ಪಾಠದ ವಿವರ ಪತ್ರಿಕೆಗಳಲ್ಲಿ ಅಚ್ಚಾಗುತ್ತಿತ್ತು. 2020ರಲ್ಲಿ ಕೊರೋನಾ ಬಂದಾಗ ನಮ್ಮಲ್ಲಿ ಆ ಕೆಲಸ ಮೊಬೈಲ್ ಹಾಗೂ ದೂರದರ್ಶನದ ಚಂದನ ವಾಹಿನಿಯ ಪಾಲಿಗೆ ಬಂತು. ಇವು ಪಾಠವನ್ನೇನೋ ಮುಟ್ಟಿಸಿದವು; ಒಡನಾಡಿಗಳಿಲ್ಲದೆ ಮಂಕಾದ ಮಗುವಿನ ಮುಖ ಅವಕ್ಕೆ ಕಾಣುವಂತಿರಲಿಲ್ಲ.

ಅದೇ ಆಗಸ್ಟ್‌ನಲ್ಲಿ ರಾಜ್ಯದಲ್ಲಿ ‘ವಿದ್ಯಾಗಮ’ ಆರಂಭವಾಯಿತು. ಸರ್ಕಾರಿ ಶಾಲೆಯ ಮೇಷ್ಟರು ಊರಿಗೇ ಬಂದು, ಗುಡಿಯ ಜಗಲಿಯಲ್ಲೋ ಮರದ ನೆರಳಲ್ಲೋ ಮಕ್ಕಳ ಸಣ್ಣ ಗುಂಪು ಕೂಡಿಸಿ ಕಲಿಸಿದರು. ಸೋಂಕಿನ ಆತಂಕದಿಂದ ಅಕ್ಟೋಬರ್‌ನಲ್ಲಿ ಅದನ್ನು ತಡೆಹಿಡಿಯಬೇಕಾಯಿತು. ಭಯವೂ ನಿಜ, ಮಕ್ಕಳ ಒಂಟಿತನವೂ ನಿಜ. ಮುಂದೆ ಇಂಥ ಕಾಲ ಬಂದರೆ, ಪಾಠದ ಏರ್ಪಾಡಿನ ಜೊತೆಗೇ ‘ಹೇಗಿದ್ದೀಯಪ್ಪ?’ ಎಂದು ವಿಚಾರಿಸುವ ಏರ್ಪಾಡನ್ನೂ ಮಾಡಿಡಬೇಕು.