ಕಲ್ಲಾಗುವ ಕ್ರಿಯಾಪದ

‘ಅಲಮಾರು’, ‘ಚಾವಿ’ ಎಂಬ ಮಾತುಗಳನ್ನು ಕನ್ನಡದ ಮನೆಗಳಿಗೆ ತಂದುಕೊಟ್ಟ ಪೋರ್ಚುಗೀಸ್ ಭಾಷೆಯಲ್ಲಿ ‘ಎಂದುರೆಸೇರ್’ ಎಂಬ ಕ್ರಿಯಾಪದವೊಂದುಂಟು. ಅದರ ಒಡಲಿನಲ್ಲಿರುವುದು ‘ದುರೊ’, ಎಂದರೆ ಗಟ್ಟಿ. ಕೊನೆಯ ‘ಎಸೇರ್’ ಪ್ರತ್ಯಯವು ಒಂದು ಸ್ಥಿತಿ ಮೆಲ್ಲಮೆಲ್ಲನೆ ಒದಗಿಬರುವುದನ್ನು ಸೂಚಿಸುತ್ತದೆ. ಬೆಳಗಾಗುವುದಕ್ಕೆ ‘ಅಮಾನ್ಯೆಸೇರ್’, ಮುಪ್ಪಡರುವುದಕ್ಕೆ ‘ಎನ್ವೆಲ್ಯೆಸೇರ್’ ಎನ್ನುವಲ್ಲಿಯೂ ಅದೇ ಪ್ರತ್ಯಯ. ಕಾಠಿನ್ಯವು ಹುಟ್ಟುಗುಣವಲ್ಲ, ಕಾಲಕ್ರಮದಲ್ಲಿ ಬಂದು ಸೇರುವಂಥದು ಎಂಬ ಸೂಚನೆ ಪದದ ರಚನೆಯಲ್ಲಿಯೇ ಅಡಗಿದೆ.

ತೆರೆದಿಟ್ಟ ಬ್ರೆಡ್ಡು ಬಿರುಸಾದರೂ, ಕಲಸಿದ ಸಿಮೆಂಟು ಬಿಗಿದುಕೊಂಡರೂ, ಮನುಷ್ಯನ ಹೃದಯ ಕಲ್ಲಾದರೂ ಈ ಪದ ಸಲ್ಲುತ್ತದೆ. ಕನ್ನಡದಲ್ಲಿ ‘ಗಟ್ಟಿಯಾಗು’ ಬೇರೆ, ‘ಗಟ್ಟಿಮಾಡು’ ಬೇರೆ. ಪೋರ್ಚುಗೀಸಿನಲ್ಲಿ ಎರಡಕ್ಕೂ ಇದೊಂದೇ ಸಾಕು. ‘ದುಃಖವು ಅವನನ್ನು ಕಲ್ಲಾಗಿಸಿತು’ ಎನ್ನಲೂ, ‘ಅವನು ಕಲ್ಲಾದನು’ ಎನ್ನಲೂ ಅದೇ ಕ್ರಿಯಾಪದ. ಹೊಣೆ ದುಃಖದ್ದೋ, ಅವನದೋ? ಅದನ್ನು ವಾಕ್ಯ ಹೇಳಬೇಕು, ಪದ ಹೇಳದು.

ಇದಕ್ಕೆ ಎದುರಾದ ಪದ ‘ಅಮೊಲೆಸೇರ್’: ಮೆತ್ತಗಾಗುವುದು, ಮೆತ್ತಗಾಗಿಸುವುದು. ಅದರ ಕೊನೆಯಲ್ಲಿಯೂ ಅದೇ ಪ್ರತ್ಯಯವಿದೆ. ಮೃದುವಾದ ನೀರು ಗಟ್ಟಿಯಾದ ಕಲ್ಲನ್ನು ಬಡಿಬಡಿದು ಕಡೆಗೆ ತೂತು ಮಾಡುತ್ತದೆ ಎಂಬ ಗಾದೆ ಆ ಭಾಷೆಯವರಲ್ಲಿ ಮನೆಮಾತು. ಕಲ್ಲಾಗುವುದಕ್ಕೆ ಕಾಲ ಹಿಡಿಯುವಂತೆ, ಕರಗುವುದಕ್ಕೂ ಕಾಲ ಬೇಕು.