ಮರು ಅಪರಾಧ ಮತ್ತು ಪರಿವೀಕ್ಷಣೆ

ಒಮ್ಮೆ ಶಿಕ್ಷೆಗೆ ಗುರಿಯಾದವನು ಮತ್ತೆ ತಪ್ಪು ಮಾಡಿದರೆ ಅವನಿಗೆ ಸೆರೆಮನೆಯೊಂದೇ ಗತಿ ಎಂಬ ನಂಬಿಕೆ ಜನಸಾಮಾನ್ಯರಲ್ಲಿ ಬೇರೂರಿದೆ. ಕಾನೂನಿನ ನಿಲುವು ಅಷ್ಟು ಸರಳವಲ್ಲ. ಪ್ರೊಬೇಷನ್ ಕಾಯಿದೆ ಎಂದು ಪರಿಚಿತವಾಗಿರುವ 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವು ಅಪರಾಧಿಯನ್ನು ಸಮಾಜದಲ್ಲಿಯೇ ಇರಿಸಿ ತಿದ್ದಲು ಎರಡು ಮಾರ್ಗಗಳನ್ನು ಕಲ್ಪಿಸಿದೆ. ಮರು ಅಪರಾಧಿಗೆ ಅವುಗಳಲ್ಲಿ ಒಂದು ಮುಚ್ಚಿದೆ, ಇನ್ನೊಂದು ಪೂರ್ತಿ ಮುಚ್ಚಿಲ್ಲ.

ಮುಚ್ಚಿರುವುದು 3ನೇ ಕಲಮಿನ ಮಾರ್ಗ. ಕಳವು, ವಂಚನೆಗಳಂಥ ಕೆಲವು ಅಪರಾಧಗಳಲ್ಲಿ ಹಾಗೂ ಎರಡು ವರ್ಷ ಮೀರದ ಕಾರಾವಾಸಕ್ಕೆ ಅರ್ಹವಾದ ಅಪರಾಧಗಳಲ್ಲಿ ನ್ಯಾಯಾಲಯವು ಎಚ್ಚರಿಕೆ ನೀಡಿ ಬಿಡುಗಡೆ ಮಾಡಬಹುದು. ಆದರೆ ಹಿಂದೆ ಅಪರಾಧ ನಿರ್ಣಯವಾಗಿರಬಾರದು. ಹಿಂದೊಮ್ಮೆ ಎಚ್ಚರಿಕೆಯ ಅಥವಾ ಪರಿವೀಕ್ಷಣೆಯ ಮೇಲೆ ಬಿಡುಗಡೆಯಾಗಿದ್ದರೂ ಅದನ್ನು ಇಲ್ಲಿ ಅಪರಾಧ ನಿರ್ಣಯವೆಂದೇ ಎಣಿಸಲಾಗುತ್ತದೆ. ಜೈಲಿನ ಮೆಟ್ಟಿಲು ಹತ್ತಿಲ್ಲವೆಂಬ ವಾದ ನಡೆಯದು.

4ನೇ ಕಲಂ ಹಾಗಲ್ಲ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಅರ್ಹವಾದ ಅಪರಾಧಗಳನ್ನುಳಿದು ಇತರ ಅಪರಾಧಗಳಲ್ಲಿ, ಕೃತ್ಯದ ಸ್ವರೂಪವನ್ನೂ ಅಪರಾಧಿಯ ಶೀಲವನ್ನೂ ಪರಿಗಣಿಸಿ, ಮೂರು ವರ್ಷ ಮೀರದ ಅವಧಿಗೆ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುಗಡೆ ಮಾಡಲು ಅವಕಾಶವಿದೆ. ಹಿಂದಿನ ಅಪರಾಧ ಇಲ್ಲಿ ನಿಷೇಧವಲ್ಲ, ತೂಗಿ ನೋಡಬೇಕಾದ ಅಂಶ. ಪರಿವೀಕ್ಷಣಾಧಿಕಾರಿಯ ವರದಿ ಇದ್ದಲ್ಲಿ ನ್ಯಾಯಾಲಯ ಅದನ್ನೂ ಪರಿಗಣಿಸಬೇಕು. ಆದುದರಿಂದ ಮನೆಗೆ ವಿಚಾರಿಸಲು ಬಂದ ಅಧಿಕಾರಿಯಿಂದ ಹಳೆಯ ಪ್ರಕರಣವನ್ನು ಮರೆಮಾಚುವುದು ಕುಟುಂಬದವರಿಗೆ ನೆರವಾಗುವ ಉಪಾಯವಲ್ಲ.

ಪರಸ್ಥಳದಲ್ಲಿ ದುಡಿಯುವವರು ಗಮನಿಸಬೇಕಾದ ಷರತ್ತೊಂದಿದೆ. ನ್ಯಾಯಾಲಯದ ವ್ಯಾಪ್ತಿಯಲ್ಲಾಗಲಿ, ಬಿಡುಗಡೆಯ ಅವಧಿಯಲ್ಲಿ ಅಪರಾಧಿಯು ವಾಸಿಸಲಿರುವ ಸ್ಥಳದಲ್ಲಾಗಲಿ, ಅವನಿಗೆ ಅಥವಾ ಅವನ ಜಾಮೀನುದಾರನಿಗೆ ಸ್ಥಿರ ವಾಸಸ್ಥಾನ ಇಲ್ಲವೆ ನಿಯತ ಉದ್ಯೋಗ ಇರಬೇಕು. ಕಲಬುರಗಿ ಕಡೆಯಿಂದ ಪುಣೆಗೆ ಕಟ್ಟಡದ ಕೆಲಸಕ್ಕೆ ಬಂದು ತಗಡಿನ ಶೆಡ್ಡಿನಲ್ಲಿ ತಂಗಿರುವ ಕಾರ್ಮಿಕನಿಗೆ ತೊಡಕಾಗುವುದು ಇಲ್ಲಿಯೇ. ಪುಣೆಯಲ್ಲಿ ನೆಲೆಸಿರುವ ಬಂಧುವೊಬ್ಬನು ಜಾಮೀನು ನಿಲ್ಲಬಹುದು. ಕಾರ್ಮಿಕನು ಊರಿಗೆ ಮರಳುವುದಾದರೆ ಅಲ್ಲಿನ ಮನೆಯನ್ನೇ ನ್ಯಾಯಾಲಯಕ್ಕೆ ತೋರಿಸಬಹುದು. ಬಂಧನದಲ್ಲಿರುವವನಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತವಾಗಿ ವಕೀಲರ ನೆರವು ದೊರೆಯುತ್ತದೆ.

ಸೆರೆವಾಸಕ್ಕೆ ಬದಲಾಗಿ ಸಮುದಾಯ ಸೇವೆಯನ್ನು ವಿಧಿಸುವ ಸಲಹೆ ಹಳೆಯದು. 1978ರಲ್ಲಿ ರಾಜ್ಯಸಭೆ ಅಂಗೀಕರಿಸಿದ ತಿದ್ದುಪಡಿ ಮಸೂದೆಯಲ್ಲಿ ಅದಿತ್ತು. ಮರುವರ್ಷ ಲೋಕಸಭೆ ವಿಸರ್ಜನೆಗೊಂಡು ಮಸೂದೆ ಬಿದ್ದುಹೋಯಿತು. ಕರ್ನಾಟಕ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಸಮಿತಿಯೂ 2003ರಲ್ಲಿ, ದಂಡ ತೆರಲಾಗದವರಿಗೆ ಸೆರೆವಾಸದ ಬದಲು ಸಮುದಾಯ ಸೇವೆಯನ್ನು ಸೂಚಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು ಶಿಕ್ಷೆಯ ಸ್ಥಾನ ಪಡೆದಿದೆ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸ್ವತ್ತನ್ನು ಕದ್ದವನು ಮೊದಲ ಬಾರಿಯ ಅಪರಾಧಿಯಾಗಿದ್ದು, ಸ್ವತ್ತನ್ನೋ ಅದರ ಬೆಲೆಯನ್ನೋ ಹಿಂದಿರುಗಿಸಿದರೆ ಸಮುದಾಯ ಸೇವೆಯ ಶಿಕ್ಷೆ. ಎರಡನೆಯ ಬಾರಿಯ ಕಳವಿಗೆ ಮಾತ್ರ ಒಂದರಿಂದ ಐದು ವರ್ಷಗಳ ಕಠಿಣ ಕಾರಾವಾಸ ಮತ್ತು ದಂಡ. ಮೊದಲ ಸಲದ ಔದಾರ್ಯಕ್ಕೂ ಎರಡನೆಯ ಸಲದ ಕಾಠಿಣ್ಯಕ್ಕೂ ನಡುವಿನ ಅಂತರ ದೊಡ್ಡದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 401ನೇ ಕಲಂ ತನ್ನ ಪರಿವೀಕ್ಷಣೆಯನ್ನು ಮೊದಲ ಅಪರಾಧಿಗಳಿಗೇ ಮೀಸಲಿಟ್ಟಿದೆ. ಆದರೆ 1958ರ ಅಧಿನಿಯಮಕ್ಕೆ ತನ್ನಿಂದ ಬಾಧೆಯಿಲ್ಲವೆಂದೂ ಸ್ಪಷ್ಟಪಡಿಸಿದೆ. ಕನಿಷ್ಠ ಶಿಕ್ಷೆ ಗೊತ್ತುಪಡಿಸಿರುವ ಪ್ರಕರಣಗಳಲ್ಲಿ 4ನೇ ಕಲಮಿನ ಅನ್ವಯವೆಷ್ಟು ಎಂಬುದು ನ್ಯಾಯಾಲಯಗಳು ನಿರ್ಧರಿಸುವ ವಿಷಯ.

ಮುಚ್ಚಳಿಕೆಯ ಷರತ್ತು ಮುರಿದವನಿಗೆ ಮೂಲ ಅಪರಾಧದ ಶಿಕ್ಷೆಯನ್ನೇ ವಿಧಿಸಬಹುದು. ಮೊದಲ ಉಲ್ಲಂಘನೆಯಾದರೆ 50 ರೂಪಾಯಿ ಮೀರದ ದಂಡ ವಿಧಿಸಿ ಮುಚ್ಚಳಿಕೆಯನ್ನು ಮುಂದುವರಿಸಲೂ ಅವಕಾಶವುಂಟು. ಈ ಮೊತ್ತ 1958ರಲ್ಲಿ ಗೊತ್ತುಪಡಿಸಿದ್ದು.